ಕ್ಲಚ್ ಪ್ಲೇಟಿನ ಮುಂದೆ ಕುಳಿತ ಇಬ್ಬರು

ಶನಿವಾರ, ಬೆಳಿಗ್ಗೆ ಹತ್ತೂವರೆ. ಖಲೀಫಾ ಸಿಟಿ, ಮಗಳ ಮನೆಯ ಹಿಂಭಾಗ. ಹಾಜರಿದ್ದವರು ನಾನು, ಮಗಳು, ಮೊಮ್ಮಗಳು. ಹಳೆಯ ಸಾಮಾನಿನಿಂದ ಒಂದು ಮನುಷ್ಯಾಕೃತಿ ಮಾಡಿ ತರಬೇಕೆಂದು ಮೊಮ್ಮಗಳ ಶಾಲೆಯಲ್ಲಿ ಹೇಳಿದ್ದರಂತೆ. ಮಗಳು ಯಾವುದೋ ಗ್ಯಾರೇಜಿನಿಂದ ಒಂದು ತುಂಡು ಸೈಲೆನ್ಸರ್ ಪೈಪ್ ತರಿಸಿದ್ದಳು. ಸುತ್ತಿದ ಕಾಗದ ಬಿಚ್ಚಿದೊಡನೆ ಮಸಿ ಮತ್ತು ತುಕ್ಕಿನ ವಾಸನೆ ಬಂತು. ಮೊಮ್ಮಗಳು ಮೂಗು ಮುಚ್ಚಿಕೊಂಡಳು. ನನಗೆ ರಾಸ್ ಅಲ್ ಖೋರಿನ ಗೇಟಿನಲ್ಲಿದ್ದ ಕಾವಲುಗಾರನ ನೆನಪಾಯಿತು.

ರಾಸ್ ಅಲ್ ಖೋರ್ ಇದೇ ಕೊಲ್ಲಿ ದೇಶದಲ್ಲಿದೆ; ಅಲ್ಲಿನ ಒಂದು ಗ್ಯಾರೇಜಿನಲ್ಲಿ ಹಿಂದೆ ನಾನು ಸ್ಟೋರ್ ಕೀಪರ್ ಆಗಿದ್ದೆ. ಏಳಕ್ಕೆ ಬೀಗ ತೆಗೆಯುವುದು, ಹತ್ತಕ್ಕೆ ಚಹಾ, ಒಂದಕ್ಕೆ ಊಟ. ಅಂಗಳದಲ್ಲಿ ಇಟ್ಟ ಪ್ರತಿ ವಸ್ತುವಿಗೂ ನೀಲಿ ಚೀಟಿ ಕಟ್ಟಿರಬೇಕು. ಅದರಲ್ಲಿ ವಸ್ತುವಿನ ಹೆಸರು ಮತ್ತು ಅದು ಯಾವ ಗಾಡಿಯದು ಎಂಬ ವಿವರ. ಚೀಟಿ ಇಲ್ಲದ್ದೆಲ್ಲ ಗುರುವಾರ ನಾಲ್ಕು ಗಂಟೆಗೆ ಗುಜರಿ ಲಾರಿ ಹತ್ತುತ್ತಿತ್ತು. ನಿಯಮ ಮಾಡಿದವನು ನಾನೇ.

ಕಾವಲುಗಾರ ಉಗಾಂಡದವನು. ಊರಿನಲ್ಲಿ ವೆಲ್ಡಿಂಗ್ ಕಲಿತಿದ್ದ; ಇಲ್ಲಿ ಸಿಕ್ಕಿದ್ದು ಗೇಟಿನ ಕೆಲಸ. ಊಟದ ವಿರಾಮದಲ್ಲಿ ಗುಜರಿ ರಾಶಿಯಿಂದ ತುಂಡುಗಳನ್ನು ಆರಿಸಿ, ತಂತಿ ಬಿಗಿದು ಮುಖಗಳನ್ನು ಮಾಡುತ್ತಿದ್ದ. ಸ್ಪಾರ್ಕ್ ಪ್ಲಗ್ಗಿನ ಮೂಗು, ಟೈಮಿಂಗ್ ಚೈನಿನ ಜಡೆ... ಮಾಡಿದ ಮೇಲೆ ಸುಟ್ಟ ಎಂಜಿನ್ ಆಯಿಲ್ ಸವರಿ ಕಪ್ಪಾಗಿಸುತ್ತಿದ್ದ. ಸಂಜೆ ತಾನೇ ಬಿಚ್ಚಿ ರಾಶಿಗೆ ಎಸೆಯುತ್ತಿದ್ದುದರಿಂದ ನಾನು ತಡೆಯಲಿಲ್ಲ.

ನಮ್ಮ ಪೇಂಟರ್ ಮಂಗಳೂರಿನವನು. ಒಂದು ದಿನ ಅವನು ನನಗೆ ಕನ್ನಡದಲ್ಲಿ ಹೇಳಿದ: "ಅದಕ್ಕೆ ಸ್ವಲ್ಪ ಸಿಲ್ವರ್ ಹೊಡಿಲಿಕ್ಕೆ ಹೇಳಿ ಮಾರಾಯ್ರೆ. ಕತ್ತಲಾದರೆ ಅವನೂ ಕಾಣುದಿಲ್ಲ, ಅವನ ಗೊಂಬೆಯೂ ಕಾಣುದಿಲ್ಲ."

ನಾನು ನಕ್ಕೆ. ಕಾವಲುಗಾರ ಏನೆಂದು ಕೇಳಿದ. ಬಣ್ಣ ಹಚ್ಚಿದರೆ ಚೆನ್ನಾಗಿ ಕಾಣುತ್ತದಂತೆ ಎಂದು ಅರ್ಧವನ್ನು ಮಾತ್ರ, ಅವನು ಗ್ಯಾರೇಜಿನಲ್ಲಿ ಕಲಿತಿದ್ದ ಹಿಂದಿಯಲ್ಲಿ ಹೇಳಿದೆ. ಉಳಿದರ್ಧ ಅವನಿಗೆ ತಾನಾಗಿಯೇ ತಿಳಿದಿತ್ತು.

"ಪೇಂಟ್ ಮಾಫಿ, ಸರ್," ಎಂದ; ಮಾಫಿ ಎಂದರೆ ಅಲ್ಲಿನ ಅರಬ್ಬಿಯಲ್ಲಿ ಇಲ್ಲ. "ಕಾಣದವರು ಹತ್ತಿರ ಬಂದು ನೋಡಲಿ."

ಇನ್ನೊಂದು ದಿನ ಚಹಾದ ಹೊತ್ತಿನಲ್ಲಿ ನಮ್ಮ ಯಲ್ಲಾಪುರದ ಕಡೆಯ ಸಿದ್ದಿ ಜನರ ವಿಷಯ ಹೇಳಿದೆ. ಅವರ ಹಿರಿಯರು ಆಫ್ರಿಕಾದಿಂದ ಬಂದವರು, ಹಲವು ತಲೆಮಾರುಗಳಾದವು, ಈಗ ಕೊಂಕಣಿ ಕನ್ನಡ ಮಾತಾಡುತ್ತಾರೆ ಎಂದೆ. ಅವನು ನಂಬಲಿಲ್ಲ. ನಂಬಿದ ಮೇಲೆ ಕೇಳುತ್ತಲೇ ಹೋದ. ಯಾವ ಊರಿನಿಂದ ಬಂದರೆಂದು ಅವರಿಗೆ ಗೊತ್ತೇ? ಹಾಡುತ್ತಾರೆಯೇ? ಏನು ಉಣ್ಣುತ್ತಾರೆ? ಕೊನೆಗೆ ಕೇಳಿದ: "ಅವರ ಮನೆಯಲ್ಲಿ ನೀವು ಊಟ ಮಾಡಿದ್ದೀರಾ, ಸರ್?"

ಇಲ್ಲ ಎಂದೆ.

"ಅವರು ನಿಮ್ಮ ಮನೆಯಲ್ಲಿ?"

ಕೆಲಸಕ್ಕೆ ಬಂದಾಗ ಮನೆಯವರು ಹೊರಗೆ ಕೂರಿಸಿ ಬಡಿಸುತ್ತಿದ್ದರು ಎಂದೆ. ಇದ್ದದ್ದನ್ನೇ ಹೇಳಿದೆ. ಅವನು ಉಳಿದ ಚಹಾ ಚೆಲ್ಲಿ ಗೇಟಿಗೆ ಹೋದ.

ಮರುದಿನದಿಂದ ದೊಡ್ಡದೊಂದನ್ನು ಶುರುಮಾಡಿದ. ಗ್ಯಾರೇಜಿನ ವೆಲ್ಡರನನ್ನು ಒಪ್ಪಿಸಿ, ವಿರಾಮದಲ್ಲಿ ಅವನ ಯಂತ್ರವನ್ನು ಪಡೆದ. ಮೂರು ವಾರ ಹಿಡಿಯಿತು; ಅಲ್ಲಿಯವರೆಗೆ ತುಂಡುಗಳನ್ನು ಗೇಟಿನ ಗೂಡಿನಲ್ಲಿಟ್ಟಿದ್ದು, ಕೊನೆಗೆ ಅಂಗಳದಲ್ಲಿ ಜೋಡಿಸಿದ. ಇಬ್ಬರು ಎದುರುಬದುರಾಗಿ ಕುಳಿತಿದ್ದಾರೆ, ನಡುವೆ ಕ್ಲಚ್ ಪ್ಲೇಟಿನ ತಟ್ಟೆ, ಇಬ್ಬರ ಕೈಯೂ ಅದರೊಳಗೆ. ಇಬ್ಬರೂ ಕಪ್ಪು. ಒಬ್ಬ ತಾನು, ಇನ್ನೊಬ್ಬ ಸ್ಟೋರ್ ಸರ್ ಎಂದು ಪೇಂಟರನಿಗೆ ತೋರಿಸಿದನಂತೆ.

"ನೀವೂ ಕಪ್ಪಾದಿರಲ್ಲ ಮಾರಾಯ್ರೆ," ಎಂದು ಪೇಂಟರ್ ಬಂದು ಹೇಳಿದ. ಈ ಸಲ ನಾನು ನಗಲಿಲ್ಲ.

ಬುಧವಾರ ಕಾವಲುಗಾರ ಸ್ಟೋರಿಗೆ ಬಂದ. ಅವನ ಚರ್ಚಿನವರು ಶುಕ್ರವಾರ ಗಾಡಿ ತಂದು ಅದನ್ನು ಒಯ್ಯುತ್ತಾರೆ, ಅಲ್ಲಿಯವರೆಗೆ ಒಂದು ನೀಲಿ ಚೀಟಿ ಬೇಕು ಎಂದ. ಯಾವ ಗಾಡಿಯ ಭಾಗ ಎಂದು ಕೇಳಿದೆ.

"ಗಾಡಿಯದಲ್ಲ, ಸರ್. ಇಬ್ಬರು ಮನುಷ್ಯರು ಅಂತ ಬರೆಯಿರಿ."

ಅಂಥ ವಸ್ತು ಪಟ್ಟಿಯಲ್ಲಿ ಇಲ್ಲ ಎಂದು ಪುಸ್ತಕ ಮುಚ್ಚಿದೆ. ಅವನು ಗೇಟಿಗೆ ಮರಳಿದ.

ಗುರುವಾರ ನಾಲ್ಕಕ್ಕೆ ಲಾರಿ ಬಂತು. ಗೇಟು ತೆಗೆಯುವುದು ಅವನ ಕೆಲಸ, ತೆಗೆದ. ಲಾರಿಯ ನಂಬರ್ ಬರೆದುಕೊಂಡು ಪಕ್ಕಕ್ಕೆ ನಿಂತ. ಕ್ರೇನ್ ಇಬ್ಬರನ್ನೂ ಒಟ್ಟಿಗೇ ಎತ್ತಿತು. ಅರ್ಧ ದಾರಿಯಲ್ಲಿ ತಟ್ಟೆ ಕಳಚಿ ಕೆಳಗೆ ಬಿತ್ತು. ಅದನ್ನೂ ಲಾರಿಗೆ ಹಾಕಿಸಿದೆ. ಅವನು ಗೇಟು ಮುಚ್ಚಿದ.

ಮುಂದಿನ ದಿನಗಳಲ್ಲಿ ಎಂದಿನಂತೆ ಗುಡ್ ಮಾರ್ನಿಂಗ್ ಹೇಳಿದ. ಮುಖಗಳನ್ನು ಮಾಡುವುದನ್ನು ನಿಲ್ಲಿಸಿದ. ಎರಡು ತಿಂಗಳ ನಂತರ ಅವನ ಸೆಕ್ಯೂರಿಟಿ ಕಂಪನಿ ಅವನನ್ನು ಬೇರೆ ಕಡೆಗೆ ಕಳುಹಿಸಿತು. ಎಲ್ಲಿಗೆಂದು ನಾನು ಕೇಳಲಿಲ್ಲ...

ನಿಯಮ ಎಂದರೆ ನಿಯಮ ಎಂದು ಹಲವು ವರ್ಷ ಹೇಳಿಕೊಂಡೆ. ಆದರೆ ಚೀಟಿಯಲ್ಲಿ ಎರಡು ಪದ ಬರೆಯಲು ಜಾಗವಿತ್ತು. ನಾನು ಯಾವತ್ತೂ ಕೂರದ ಜಾಗದಲ್ಲಿ ಅವನು ನನ್ನನ್ನು ಕೂರಿಸಿದ್ದ. ಅದು ಅಂಗಳದಲ್ಲಿ ಎಲ್ಲರ ಕಣ್ಣಿಗೆ ಬೀಳುವುದು ನನಗೆ ಬೇಕಿರಲಿಲ್ಲ.

ಇಷ್ಟನ್ನೂ ಮಗಳ ಮುಂದೆ ಹೇಳಿದೆ. ಮೊಮ್ಮಗಳು ಅದು ಹೇಗಿತ್ತು ಎಂದು ಇಂಗ್ಲಿಷಿನಲ್ಲಿ ಕೇಳಿ, ಹಾಳೆಯೊಂದನ್ನು ಮುಂದಿಟ್ಟಳು. ಸ್ಕೇಲ್ ಹಿಡಿದು ಚಿತ್ರ ಬರೆಯಲು ಕುಳಿತೆ. ಬೆನ್ನಿಗೆ ಸೈಲೆನ್ಸರ್ ಪೈಪ್, ಮೊಣಕಾಲಿಗೆ ಬೇರಿಂಗ್, ಬೆರಳುಗಳಿಗೆ ಬೋಲ್ಟ್; ಅಳತೆ ಸಮೇತ ನೆನಪಿತ್ತು. ನನ್ನ ಮುಖವನ್ನು ಯಾವುದರಿಂದ ಮಾಡಿದ್ದನೆಂಬುದೂ ನೆನಪಿತ್ತು: ಬ್ರೇಕ್ ಶೂ, ಎರಡು ವಾಷರ್. ಅವನ ಮುಖಕ್ಕೆ ಏನು ಬಳಸಿದ್ದನೋ ನೆನಪಾಗಲಿಲ್ಲ. ಬಹಳ ಹೊತ್ತು ಯೋಚಿಸಿದೆ. ನೋಡಿದ್ದರಲ್ಲವೇ ನೆನಪಾಗುವುದು.

ಅವನ ಮುಖದ ಜಾಗವನ್ನು ಖಾಲಿ ಬಿಟ್ಟು, ಹನ್ನೆರಡೂಮುಕ್ಕಾಲಿಗೆ ಹಾಳೆಯನ್ನು ಮೊಮ್ಮಗಳ ಕೈಗೆ ಕೊಟ್ಟೆ.