ರೋಸಿನ ದಿನ ಮುಚ್ಚದ ವಾಲ್ವ್

ವರ್ಕಾಡಿಯ ಗುಡ್ಡದ ಮೇಲಿರುವ ಕುಡಿಯುವ ನೀರಿನ ಶುದ್ಧೀಕರಣ ಘಟಕಕ್ಕೆ ಪುಷ್ಪಾವತಿ ಸೇರಿದ್ದು ಗುಡಿಸುವ ಕೆಲಸಕ್ಕೆ. ಅದಕ್ಕೆ ಮೊದಲು ಮನೆಯಲ್ಲಿ ಬೀಡಿ ಕಟ್ಟುತ್ತಿದ್ದರು. ಬಗ್ಗಿ ಕೂತು ಕೂತು ಕುತ್ತಿಗೆ ತಿರುಗಿಸಲಾಗದಂತಾದಾಗ ಅದನ್ನು ಬಿಟ್ಟರು.

ಘಟಕದ ವಾಲ್ವ್‌ಗಳನ್ನು ನೋಡಿಕೊಳ್ಳಲು ಆಗಾಗ ಉಪ್ಪಳದಿಂದ ಮೊರಿಸ್ ಬರುತ್ತಿದ್ದರು. ಬಹರೈನಿನಲ್ಲಿ ಇದೇ ಕೆಲಸ ಮಾಡಿ ಊರಿಗೆ ಮರಳಿದವರು. ಒಂದು ದಿನ ಫಿಲ್ಟರ್ ಕೋಣೆ ಗುಡಿಸುತ್ತಿದ್ದ ಪುಷ್ಪಾವತಿ ಹೇಳಿದರು: “ಮೊರಿಸಣ್ಣ, ಆ ಮೂಲೆಯ ವಾಲ್ವಿನಲ್ಲಿ ಸುಯ್ ಅಂತ ಎಂತದೋ ಕೇಳ್ತದೆ.”

ಮೊರಿಸ್ ಸೋಪಿನ ನೀರು ಹಚ್ಚಿದರು. ಗಾಳಿಯ ಪೈಪಿನ ಜಾಯಿಂಟಿನಲ್ಲಿ ಗುಳ್ಳೆಗಳೆದ್ದವು, ಅಲ್ಲಿ ಗಾಳಿ ಸೋರುತ್ತಿತ್ತು. ಅವರಿಗೆ ಖುಷಿಯಾಯಿತು. “ನಿನಗೆ ಕಿವಿ ಉಂಟು ಮಾರಾಯ್ತಿ. ಕಲಿಯುತ್ತೀಯಾ?”

ಅಂದಿನಿಂದ ಬಂದಾಗಲೆಲ್ಲ ಕಲಿಸಿದರು. ಪ್ರತಿ ವಾಲ್ವಿನ ಮೇಲೂ ಒಂದು ಸಿಲಿಂಡರು. ಒಳಗೆ ಗಾಳಿ ನುಗ್ಗಿದರೆ ವಾಲ್ವ್ ತೆರೆಯುತ್ತದೆ. ಗಾಳಿ ಹೊರಗೆ ಹೋದರೆ ಒಳಗಿನ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಗಾಳಿ ಒದಗಿಸುವ ಕಂಪ್ರೆಸರಿನಲ್ಲಿ ಸೇರುವ ನೀರನ್ನು ಬೆಳಿಗ್ಗೆ ಬಂದ ಕೂಡಲೇ ಬಸಿಯಬೇಕು. ಸ್ಪ್ರಿಂಗ್ ಇರುವ ಬದಿಯ ಬೋಲ್ಟಿಗೆ ಮಾತ್ರ ಯಾವ ಕಾರಣಕ್ಕೂ ಸ್ಪ್ಯಾನರ್ ಹಾಕಬಾರದು. ಒಳಗೆ ಬಿಗಿದಿರುವ ಸ್ಪ್ರಿಂಗ್ ಸಿಡಿದರೆ ಆಳು ಉಳಿಯುವುದಿಲ್ಲ. ಮೊರಿಸ್ ಅವರೇ ಮೇಲಿನವರೊಂದಿಗೆ ಮಾತಾಡಿದ್ದರಿಂದ ಮರುವರ್ಷ ಪುಷ್ಪಾವತಿ ಆಪರೇಟರ್ ಆದರು.

ಕಳೆದ ಮೇ ತಿಂಗಳಲ್ಲಿ ಎರಡು ಫಿಲ್ಟರುಗಳಲ್ಲಿ ಒಂದನ್ನು ರಿಪೇರಿಗೆ ಬಿಚ್ಚಿಟ್ಟಿದ್ದರು. ಊರಿಗೆಲ್ಲ ಉಳಿದೊಂದರದ್ದೇ ನೀರು. ಒಂದು ಬೆಳಿಗ್ಗೆ ಪುಷ್ಪಾವತಿ ಅದನ್ನು ತೊಳೆದು, ಕೊಳೆನೀರು ಹೊರಗೆ ಬಿಡುವ ವಾಲ್ವನ್ನು ಮುಚ್ಚಲು ಸ್ವಿಚ್ ಒತ್ತಿದರು. ಟಿಕ್ ಎಂಬ ಸದ್ದು ಬಂತು. ವಾಲ್ವ್ ಅಲುಗಲಿಲ್ಲ. ಅದು ಮುಚ್ಚದೆ ಫಿಲ್ಟರಿಗೆ ನೀರು ಬಿಟ್ಟರೆ ಎಲ್ಲವೂ ಚರಂಡಿಯ ಪಾಲು. ಮೇಲಿನ ಟ್ಯಾಂಕ್ ಆಗಲೇ ಅರ್ಧ ಖಾಲಿಯಾಗಿತ್ತು.

ಮೊರಿಸ್ ಅವರ ಮಗಳು ಸ್ಯಾಂಡ್ರಾಳ ಮದುವೆ ಮರುದಿನ. ಅಂದು ಮನೆಯಲ್ಲಿ ರೋಸ್, ಅಂದರೆ ಮದುಮಗಳಿಗೆ ತೆಂಗಿನಹಾಲು ಹಚ್ಚುವ ಶಾಸ್ತ್ರ. ಇಂಥ ದಿನ ಕರೆಯುವುದು ಹೇಗೆ ಎಂದು ಹಿಂಜರಿದು, ಬೇರೆ ದಾರಿ ಕಾಣದೆ ಪುಷ್ಪಾವತಿ ಫೋನ್ ಮಾಡಿದರು. ಅತ್ತಲಿಂದ ಬ್ಯಾಂಡಿನ ಗದ್ದಲ.

“ನಿಲ್ಲು, ಹಿತ್ತಲಿಗೆ ಹೋಗ್ತೇನೆ,” ಎಂದರು ಮೊರಿಸ್. “ಹ್ಞಾಂ, ಈಗ ಹೇಳು.”

“ಕೊಳೆನೀರಿನ ವಾಲ್ವ್ ಮುಚ್ಚುವುದಿಲ್ಲ. ಟಿಕ್ ಅಂತ ಕೇಳಿತು. ಗಾಳಿ ಹೊರಗೆ ಹೋಗುವ ಬುಸ್ ಮಾತ್ರ ಇಲ್ಲ.”

“ಹಾಗಾದ್ರೆ ಗಾಳಿ ಒಳಗೇ ಸಿಕ್ಕಿಬಿದ್ದಿದೆ. ಗಾಳಿ ಹೋಗುವ ತೂತು ನೋಡು.”

ಪುಷ್ಪಾವತಿ ಟಾರ್ಚ್ ಹಿಡಿದರು. ತೂತಿನ ಬಾಯಿಯಲ್ಲಿ ಕಣಜದ ಹುಳ ಮಣ್ಣಿನ ಗೂಡು ಕಟ್ಟಿತ್ತು.

“ಅಯ್ಯೋ ಮೊರಿಸಣ್ಣ, ಹುಳ ಮನೆ ಮಾಡಿದೆ!”

ಮೊರಿಸ್ ನಕ್ಕುಬಿಟ್ಟರು. ಬಳಿಕ ನಿಧಾನವಾಗಿ ಹೇಳಿದರು: “ಗಡಿಬಿಡಿ ಬೇಡ. ಮೊದಲು ಗಾಳಿಯ ಲೈನ್ ಬಂದ್ ಮಾಡು. ಮುಖ ಬದಿಗೆ ಇಟ್ಟು ಗೂಡನ್ನು ಕೆರೆ. ವಾಲ್ವಿನ ಹತ್ತಿರ ಕೈ ಬೇಡ, ಒಮ್ಮೆಲೇ ತಿರುಗ್ತದೆ.”

ಪುಷ್ಪಾವತಿ ಲೈನ್ ಬಂದ್ ಮಾಡಿ, ಕನ್ನಡಕ ಹಾಕಿ, ಉದ್ದದ ತಂತಿಯಿಂದ ಕೆರೆದರು. ಒಣಮಣ್ಣು ಪುಡಿಯಾಗಿ ಹಾರಿತು. ಗಾಳಿ ಬುಸ್ಸೆಂದು ಹೊರಬಿತ್ತು, ವಾಲ್ವ್ ಧಡಕ್ಕನೆ ಮುಚ್ಚಿತು. ಆ ಸದ್ದು ಫೋನಿನಲ್ಲಿ ಮೊರಿಸ್‌ಗೂ ಕೇಳಿಸಿತು.

“ಆಯ್ತಲ್ಲ!” ಎಂದು ಕೂಗಿದರು. “ನಾಳೆ ಮದುವೆಗೆ ಬಾ. ಬಾರದಿದ್ದರೆ ರೆಜಿನಾ ನನ್ನನ್ನು ಬಿಡುವುದಿಲ್ಲ.”

ಪುಷ್ಪಾವತಿ ಹೋದರು. ಮದುವೆ ಹಾಲ್‌ನ ಹಿಂದಿನ ಸಾಲಿನಲ್ಲಿ ಕೂತವರನ್ನು ಮೊರಿಸ್ ಅವರ ಹೆಂಡತಿ ರೆಜಿನಾ ಕೈಹಿಡಿದು ಕರೆತಂದು ಮನೆಯವರ ಜೊತೆ ಊಟಕ್ಕೆ ಕೂರಿಸಿದರು. ಹೇಳಬೇಕೆಂದುಕೊಂಡು ಹೋದದ್ದು ಆ ಜನಜಂಗುಳಿಯಲ್ಲಿ ಬಾಯಿಗೆ ಬರಲಿಲ್ಲ.

ಹೇಳಿದ್ದು ಮದುವೆಯ ಓಡಾಟ ಮುಗಿದ ಮೇಲೆ, ಘಟಕದಲ್ಲಿ ಹುಳ ಹೋಗದಂತೆ ವಾಲ್ವ್‌ಗಳ ಎಲ್ಲ ತೂತುಗಳಿಗೂ ಇಬ್ಬರೂ ಸಣ್ಣ ಬಲೆ ಕೂರಿಸುತ್ತಿದ್ದಾಗ. “ಮೊರಿಸಣ್ಣ, ಇಷ್ಟು ವರ್ಷ ನೀವು ಒಮ್ಮೆಯೂ ನನಗೆ ಗದರಲಿಲ್ಲ. ಕೇಳಿದ್ದನ್ನೇ ಮತ್ತೆ ಕೇಳಿದರೂ ಹೇಳಿಕೊಟ್ಟಿರಿ. ನಿಮ್ಮ ಉಪಕಾರ ದೊಡ್ಡದು.”

ಮೊರಿಸ್ ಕೈಯ ಗ್ರೀಸ್ ಒರೆಸಿಕೊಂಡರು. “ಬಹರೈನಿನಲ್ಲಿ ನನಗೂ ಒಬ್ಬರು ಹೀಗೇ ಕಲಿಸಿದ್ದು, ಕಣ್ಣೂರಿನವರು. ಈಗಲೂ ಪ್ರತಿ ಕ್ರಿಸ್ಮಸ್ಸಿಗೆ ಅವರಿಗೆ ಫೋನ್ ಮಾಡ್ತೇನೆ. ನೀನೂ ನನಗೆ ಮಾಡು, ಸಾಕು.”

“ವಾಲ್ವ್ ಕೆಟ್ಟರೆ ಮಾತ್ರ ಅಲ್ಲ, ಸುಮ್ಮನೆಯೂ ಮಾಡ್ತೇನೆ,” ಎಂದರು ಪುಷ್ಪಾವತಿ.