ಹಬೆ ಇಳಿಯುವ ತನಕ

ಕಾಫಿ ಮಿಷಿನ್ನಿನ ಹಿಡಿಯನ್ನು ತಿರುಗಿಸಿದ್ದು ಅಪ್ಪ. ಅಮ್ಮ ಅವರ ಎಡಕ್ಕೆ ನಿಂತಿದ್ದಳು, ನಾನು ಅಡುಗೆಮನೆಯ ಹೊಸ್ತಿಲಲ್ಲಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆಮೇಲೆ ಅಪ್ಪ ಒಂದೊಂದು ಸಲ ಒಂದೊಂದು ರೀತಿ ಹೇಳುತ್ತಿದ್ದರು.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ನಾನು ಆಗ ಬಿಳಿಗೆರೆಯ ಶಾಲೆಯಲ್ಲಿ ಟೀಚರ್. ನಂಜನಗೂಡಿನ ಕಾರ್ಖಾನೆಯಿಂದ ಅಪ್ಪ ನಿವೃತ್ತರಾದಾಗ ಜೊತೆಯವರೆಲ್ಲ ಸೇರಿ ಒಂದು ಎಸ್ಪ್ರೆಸೊ ಮಿಷಿನ್ ಕೊಟ್ಟಿದ್ದರು. ಕಪ್ಪು ಬಣ್ಣದ್ದು, ಮಿಕ್ಸಿಗಿಂತ ಸ್ವಲ್ಪ ದಪ್ಪ. ಮೇಲೆ ನೀರು ತುಂಬಿ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಬೇಕು. ಸೌಟಿನಂತೆ ಉದ್ದ ಹಿಡಿಯಿರುವ ಬಟ್ಟಲಿಗೆ ಪುಡಿ ಹಾಕಿ ಕೆಳಗಿನಿಂದ ಸಿಕ್ಕಿಸಬೇಕು. ಸ್ವಿಚ್ ಹಾಕಿದರೆ ಹಬೆಯೇ ನೀರನ್ನು ಪುಡಿಯೊಳಗೆ ನೂಕಿ ಡಿಕಾಕ್ಷನ್ ಇಳಿಸುತ್ತದೆ. ಹಾಲಿಗೆ ನೊರೆ ಬರಿಸಲು ಪಕ್ಕದಲ್ಲೊಂದು ಸಣ್ಣ ನಳಿಗೆ, ಅದಕ್ಕೊಂದು ತಿರುಪು.

ಮೊದಲ ದಿನ ಅಪ್ಪ ಮನೆಯ ಫಿಲ್ಟರ್ ಪುಡಿಯನ್ನೇ ಬಟ್ಟಲಿಗೆ ತುಂಬಿ ಹೆಬ್ಬೆರಳಿನಿಂದ ಒತ್ತಿದರು. ಚಿಕೋರಿ ಬೆರೆಸಿದ ನುಣ್ಣನೆಯ ಪುಡಿ. ಎಷ್ಟು ಹೊತ್ತಾದರೂ ಒಂದು ತೊಟ್ಟೂ ಇಳಿಯಲಿಲ್ಲ. ಹಿತ್ತಾಳೆ ಫಿಲ್ಟರ್ ಇಳಿಯದಿದ್ದರೆ ನಮ್ಮಲ್ಲಿ ಎಲ್ಲರೂ ಮಾಡುವುದು ಒಂದೇ: ಮುಚ್ಚಳ ತೆಗೆದು ಚಮಚದಿಂದ ಪುಡಿ ಕೆದಕುವುದು. ಅಪ್ಪ ಒಂದು ಕೈಯಲ್ಲಿ ಚಮಚ ಹಿಡಿದುಕೊಂಡು ಇನ್ನೊಂದರಿಂದ ಹಿಡಿ ತಿರುಗಿಸಿ ಬಟ್ಟಲು ಬಿಚ್ಚಿದರು.

ಒಳಗೆ ತುಂಬಿದ್ದ ಹಬೆ ಸಿಡಿದ ಸದ್ದು ನನಗೆ ನೆನಪಿಲ್ಲ. ಕ್ಯಾಲೆಂಡರಿನ ಮೇಲೆಲ್ಲ ಒದ್ದೆ ಪುಡಿ ಅಂಟಿದ್ದು ನೆನಪಿದೆ. ಬಟ್ಟಲು ಒಲೆಯ ಕೆಳಗೆ ಬಿದ್ದಿತ್ತು. ಅಮ್ಮನ ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಕೆಂಪಾಗಿತ್ತು. ಅವಳು ಕೂಗಲಿಲ್ಲ. ಎಡಗೈಯಿಂದ ಸ್ವಿಚ್ ಆರಿಸಿ, ಸುಟ್ಟ ಕೈಯನ್ನು ನಲ್ಲಿಯ ಕೆಳಗೆ ಹಿಡಿದು, "ನಿಮ್ಗೇನೂ ಆಗ್ಲಿಲ್ವಲ್ಲ?" ಎಂದಳು. ಅಪ್ಪ ಇನ್ನೂ ಚಮಚ ಹಿಡಿದುಕೊಂಡೇ ನಿಂತಿದ್ದರು.

ಅಂದಿನಿಂದ ಅಪ್ಪ ಕಾಫಿ ಬಿಟ್ಟರು. ದಿನಕ್ಕೆ ನಾಲ್ಕು ಲೋಟ ಕುಡಿಯುತ್ತಿದ್ದವರು, ಅಮ್ಮ ಹಳೆಯ ಫಿಲ್ಟರಿನಲ್ಲೇ ಮಾಡಿ ಕೊಟ್ಟರೂ ಬೇಡವೆಂದು ಜಗಲಿಯಲ್ಲಿ ಕೂತಿರುತ್ತಿದ್ದರು. ಅಡುಗೆಮನೆಗೆ ಕಾಲಿಡುತ್ತಿರಲಿಲ್ಲ. "ಅದ್ನ ಅಟ್ಟುಕ್ಕೆ ಆಕು" ಎಂದಷ್ಟೇ ಹೇಳಿದರು.

"ಅಟ್ಟುಕ್ಕೆ ಆಕುದ್ರೆ ದಿನಾ ಅಟ್ಟ ನೋಡ್ಕಂಡ್ ಕುಂತಿರ್ತಾರೆ ಕಣವ್ವ" ಎಂದು ಅಮ್ಮ ನನ್ನ ಹತ್ತಿರ ಹೇಳಿದಳು.

ಕೈಯ ಗಾಯ ಒಣಗಿದ ಮೇಲೆ ಅವಳು ಮಿಷಿನ್ ಮುಂದೆ ನಿಂತಳು. ಎರಡು ದಿನ ಪುಡಿಯನ್ನೇ ಹಾಕಲಿಲ್ಲ, ಬರೀ ನೀರು ಕಾಯಿಸಿ ಕಿವಿಗೊಟ್ಟು ಕೇಳಿದಳು. ಸ್ವಿಚ್ ಆರಿಸಿದ ಮೇಲೂ ಒಳಗೆ ಹಬೆ ಉಳಿದಿರುತ್ತದೆ, ತಿರುಪು ಸಡಿಲಿಸಿದರೆ ಸುಯ್ಯೆಂದು ನಳಿಗೆಯಿಂದ ಹೋಗಿಬಿಡುತ್ತದೆ ಎಂಬುದನ್ನು ಕಂಡುಕೊಂಡಳು. "ಕುಕ್ಕರ್ ವೆಯ್ಟ್ ಎತ್ತಿ ನೋಡ್ದಂಗೆ, ಅಷ್ಟೇಯ" ಎಂದಳು. ಅವಳು ಓದಿದ್ದು ಐದನೇ ಕ್ಲಾಸು. ಡಬ್ಬದೊಳಗಿದ್ದ ಪುಸ್ತಕವನ್ನು ನಾನು ಎರಡು ಸಲ ಓದಿದ್ದೆ, ನನಗೆ ಇದು ಹೊಳೆದಿರಲಿಲ್ಲ.

ಆಮೇಲೆ ಪುಡಿ. ತವರೂರು ಹೆಮ್ಮಿಗೆಗೆ ಹೋಗುವ ದಾರಿಯಲ್ಲಿ ನನ್ನನ್ನೂ ನರಸೀಪುರದ ಕಾಫಿಪುಡಿ ಅಂಗಡಿಗೆ ಕರೆದುಕೊಂಡು ಹೋದಳು.

"ಚಿಕೋರಿ ಬ್ಯಾಡ. ಒಸಿ ದಪ್ಪುಕ್ ಬೀಸಪ್ಪ."

"ಚಿಕೋರಿ ಇಲ್ದೆ ಕಾಫಿಯಾ? ಉಪ್ಪಿಲ್ದ ಸಾರು ಕಣಕ್ಕ ಅದು."

"ನಮ್ ಮಿಷಿನ್ಗೆ ಬಿಪಿ. ಉಪ್ಪು ತಿನ್ನಂಗಿಲ್ಲ."

ಅಂಗಡಿಯವನು ನಕ್ಕು ಬೀಸಿಕೊಟ್ಟ. ಮೊದಲ ಸಲ ಪುಡಿ ಉಪ್ಪಿಟ್ಟಿನ ರವೆಯಷ್ಟು ದಪ್ಪವಾಗಿಬಿಟ್ಟಿತ್ತು, ಇಳಿದದ್ದು ಕಲಗಚ್ಚಿನಂಥ ನೀರು. ಮುಂದಿನ ವಾರ ಮತ್ತೆ ಬಸ್ಸು ಹತ್ತಿದಳು. ಈ ಸಲ ಗಿರಣಿಯ ಬಾಯಿಗೇ ಬೆರಳೊಡ್ಡಿ ಉಜ್ಜಿ ನೋಡಿ, ಚಿರೋಟಿ ರವೆಯಷ್ಟಾದಾಗ "ಇಲ್ಲಿಗ್ ನಿಲ್ಸು" ಎಂದಳು. ಮನೆಗೆ ಬಂದು ಪುಡಿಯನ್ನು ಒತ್ತದೆ, ಚಮಚದ ಬೆನ್ನಿನಿಂದ ಸುಮ್ಮನೆ ಸವರಿದಳು. ಡಿಕಾಕ್ಷನ್ ಕಡ್ಡಿಯಷ್ಟು ಸಣ್ಣಗೆ, ಕಡಿಯದೆ ಇಳಿಯಿತು.

ಸ್ವಿಚ್ ಆರಿಸಿ ಅಪ್ಪನನ್ನು ಕರೆದಳು. ಅವರು ಬಂದು ನನ್ನ ಪಕ್ಕದಲ್ಲಿ, ಹೊಸ್ತಿಲಲ್ಲೇ ನಿಂತರು.

"ಬಟ್ಲು ನೀವೇ ಬಿಚ್ಚಿ."

"ನೀನೇ ಬಿಚ್ಚಮ್ಮಿ."

"ನನ್ ಕೈ ಇನ್ನೂ ಉರೀತದೆ ಕಣ್ರೀ."

ಅದು ಸುಳ್ಳು. ಆ ಬೆಳಿಗ್ಗೆ ಅದೇ ಕೈಯಲ್ಲಿ ಅವಳು ಮುದ್ದೆ ತಿರುವಿದ್ದನ್ನು ನಾನು ನೋಡಿದ್ದೆ.

ಅಪ್ಪ ಒಳಗೆ ಬಂದರು. ಅಮ್ಮ ತೋರಿಸಿದಂತೆ ತಿರುಪು ಸಡಿಲಿಸಿದರು. ಹಬೆ ಸುಯ್ಯೆಂದು ಹೋಯಿತು. ಅದು ನಿಂತ ಮೇಲೂ ಅವರು ಕೈಯನ್ನು ಹಿಡಿಯ ಹತ್ತಿರ ಒಯ್ಯಲಿಲ್ಲ.

"ನಿಂತೋಯ್ತಾ?"

"ನಿಂತೋಗದೆ. ಈಗ ಸೊಳ್ಳೆ ಬಂದ್ರೂ ಕೇಳುಸ್ತದೆ."

ಇನ್ನೂ ಸ್ವಲ್ಪ ಹೊತ್ತು ಕಾದರು. ಅಮ್ಮ ಅವಸರ ಮಾಡಲಿಲ್ಲ. ಅವರ ಎಡಕ್ಕೆ, ಅವತ್ತು ನಿಂತಿದ್ದ ಜಾಗದಲ್ಲೇ ನಿಂತಿದ್ದಳು. ಅಪ್ಪ ಹಿಡಿ ತಿರುಗಿಸಿದರು. ಬಟ್ಟಲು ಮೆತ್ತಗೆ ಕೈಗೆ ಬಂತು. ಬೋರಲು ಹಾಕಿದಾಗ ಪುಡಿ ದುಂಡಗೆ, ಗಟ್ಟಿಯಾಗಿ ತಟ್ಟೆಗೆ ಬಿತ್ತು.

"ಒಳ್ಳೆ ಬೆರಣಿ ತಟ್ಟಿದ್ದೀರಿ" ಎಂದಳು ಅಮ್ಮ.

ಅಪ್ಪ ಅವಳ ಬಲಗೈಯ ಕಲೆಯನ್ನೊಮ್ಮೆ ನೋಡಿದರು. ಅವಳು ಬೆರೆಸಿ ಕೊಟ್ಟ ಲೋಟವನ್ನು ನಿಂತಲ್ಲೇ ಕುಡಿದು ಮುಗಿಸಿದರು.

"ಇನ್ನೊಂದ್ ಲೋಟುಕ್ಕೆ ಪುಡಿ ಅದಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಡಬ್ಬಿಯನ್ನು ತಾವೇ ಇಳಿಸಿದರು.