ಸೋಮವಾರವಿಲ್ಲದ ಸಾಮ್ರಾಜ್ಯ

ನಾನು ಬೈಲಹೊಂಗಲದಲ್ಲಿ ಹೈಸ್ಕೂಲು ಮಕ್ಕಳಿಗೆ ಇತಿಹಾಸ ಕಲಿಸುತ್ತೇನೆ. ಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕುಳಿತು ಸಾಮ್ರಾಜ್ಯ ಕಟ್ಟುವ ಆಟ ಆಡುವಾಗ ಯಾರಾದರೂ ಬಂದರೆ, ಪಾಠದ ತಯಾರಿ ನಡೆದಿದೆ ಎನ್ನುತ್ತೇನೆ. ಪೂರಾ ಸುಳ್ಳಲ್ಲ. ರಾಜರು ಹೇಗೆ ಹಾಳಾದರೆಂಬುದು ನನಗೀಗ ಸ್ವಾನುಭವದಿಂದ ಗೊತ್ತು.

ಈ ಆಟದಲ್ಲಿ ನಾನೊಂದು ಸರದಿ, ಎದುರಾಳಿಯೊಂದು ಸರದಿ ಆಡುತ್ತ ಹೋಗಬೇಕು. ಯುದ್ಧದ ಹುಚ್ಚು ನನಗಿಲ್ಲ, ಭೂಮಿ ಸುಧಾರಿಸುವುದೇ ಇಷ್ಟ. ಆಳನ್ನು ನಕ್ಷೆಯ ಒಂದು ಚೌಕಕ್ಕೆ ಕಳಿಸಿ ಗುಂಡಿ ಒತ್ತಿದರೆ ಕಾಡು ಹೊಲವಾಗುತ್ತದೆ, ಗುಡ್ಡ ಗಣಿಯಾಗುತ್ತದೆ. ನಮ್ಮ ಕಡೆ ಭೂಸುಧಾರಣೆ ಎಂದರೆ ಕಾಯ್ದೆ, ವಕೀಲರು, ಅಜ್ಜನಿಂದ ಮೊಮ್ಮಗನಿಗೆ ಬರುವ ಕೋರ್ಟಿನ ತಾರೀಖು. ಆಟದಲ್ಲಿ ಚಹಾ ಆರುವುದರೊಳಗೆ ಮುಗಿಯುತ್ತದೆ.

ಇಷ್ಟು ಅನುಭವದ ಬಲದ ಮೇಲೆ ನಾನು ಅಕ್ಕನ ಮುಂದೆ ಒಂದು ಬೇಡಿಕೆ ಇಟ್ಟಿದ್ದೆ. ದೊಡವಾಡದ ನಮ್ಮ ಹೊಲವನ್ನು ಮೊದಲಿನಿಂದಲೂ ಮಾಡಿಸುವವಳು ಅವಳೇ. ಬರುವ ವರ್ಷ ನನಗೆ ನಿವೃತ್ತಿ. ಕೆರೆಯ ಪಕ್ಕದ ಪಟ್ಟಿಯನ್ನಾದರೂ ನನಗೆ ಬಿಟ್ಟುಕೊಡು ಎಂದಿದ್ದೆ. ನಮ್ಮದೇ ಎರೆಹೊಲದಲ್ಲಿ ಒಂದು ಬೆಳೆ ತೆಗೆಯದೆ ಮುದುಕನಾಗುತ್ತೇನಲ್ಲ ಎಂಬ ದುಃಖ ನನಗೆ ನಿಜವಾಗಿಯೂ ಇತ್ತು. "ನಿನಗ ಬರೂದಿಲ್ಲೋ ತಮ್ಮಾ" ಎಂದು ಅವಳು ಅಷ್ಟೇ ನಿಜವಾಗಿ ಹೇಳಿದ್ದಳು.

ಹೋದ ತಿಂಗಳು ಅವಳು ಕನ್ನಡಕ ಬದಲಿಸಲು ಬೈಲಹೊಂಗಲಕ್ಕೆ ಬಂದಾಗ ಪಕ್ಕದಲ್ಲಿ ಕೂಡಿಸಿಕೊಂಡು ನನ್ನ ಯೋಗ್ಯತೆಯನ್ನು ಪರದೆಯ ಮೇಲೆ ತೋರಿಸಿದೆ. ಆಳುಗಳು ಎತ್ತು ಕಟ್ಟಿ ಉಳುತ್ತಿದ್ದರು. ಅಕ್ಕ ಬಹಳ ಹೊತ್ತು ನೋಡಿದಳು.

"ಇವರಿಗೆ ಸೋಮವಾರ ಯಾವಾಗ?"

ಸೋಮವಾರ ಬಸವಣ್ಣನ ವಾರ, ನಮ್ಮಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ಅಕ್ಕ ಅದಕ್ಕೂ ಈ ರಜೆ ಕೊಟ್ಟಿದ್ದಾಳೆ. ಆಟದಲ್ಲಿ ಒಂದು ಸರದಿಗೆ ಹತ್ತಾರು ವರ್ಷ ಉರುಳುತ್ತವೆ. ಅದರಲ್ಲಿ ಸೋಮವಾರ ಎಲ್ಲಿದೆಯೆಂದು ಪಂಚಾಂಗ ಬಲ್ಲವರೂ ಹೇಳಲಾರರು. ಪರೀಕ್ಷಕರೊಡನೆ ವಾದ ಬೇಡವೆಂದು ಒಂದಿಡೀ ಸರದಿಯನ್ನೇ ಸೋಮವಾರವೆಂದು ಸಾರಿ, ಆಳುಗಳನ್ನೆಲ್ಲ ಇದ್ದಲ್ಲೇ ಕೂಡಿಸಿದೆ.

ವೈರಿಯ ಕುದುರೆ ಸವಾರರಲ್ಲಿ ಈ ಪದ್ಧತಿ ಇರಲಿಲ್ಲ. ಗಡಿಯ ಹೊಲದಲ್ಲಿ ಕುಳಿತಿದ್ದ ಇಬ್ಬರನ್ನು ಹಿಡಿದುಕೊಂಡು ಹೋದರು.

"ಅಯ್ಯ, ನಮ್ಮ ಮಂದಿ ಹೋದ್ರಲ್ಲೋ!" ಎಂದು ಅಕ್ಕ ಎದ್ದೇ ನಿಂತಳು.

"ಹೋಗ್ಲಿ ಬಿಡಕ್ಕಾ. ಗುಂಡಿ ಒತ್ತಿದ್ರ ಬ್ಯಾರೆ ಮಂದಿ ಬರ್ತಾರ."

ಅವಳು ನನ್ನನ್ನು ನೋಡಿದ ರೀತಿಗೆ ಕೆರೆಯ ಪಟ್ಟಿ ಕೈತಪ್ಪಿತೆಂದೇ ತಿಳಿದೆ. "ಕುಂದ್ರಿಸಿದಾಂವ ನೀನು. ಹೋಗಿ ಕರಕೊಂಡ ಬಾ" ಎಂದಳು.

ಇಬ್ಬರು ಆಳುಗಳಿಗಾಗಿ ಯುದ್ಧ ಹೂಡಿದ ಚಕ್ರವರ್ತಿಯ ಪಾಠವನ್ನು ನಾನು ಯಾವ ತರಗತಿಯಲ್ಲೂ ಮಾಡಿಲ್ಲ. ಆದರೂ ಹೂಡಿದೆ. ಇದ್ದ ಸೈನ್ಯವನ್ನೆಲ್ಲ ಅತ್ತ ಕಳಿಸಿದ್ದರಿಂದ ಇತ್ತ ರಾಜಧಾನಿ ಹೋಯಿತು. ಆಳುಗಳು ತಿರುಗಿ ಬಂದರು. ಅಕ್ಕ ಪರದೆಯ ಮೇಲೆ ಬೆರಳಿಟ್ಟು ಇಬ್ಬರನ್ನೂ ಎಣಿಸಿಕೊಂಡಳು. ರಾಜಧಾನಿಯ ಸುದ್ದಿಯನ್ನೇ ತೆಗೆಯಲಿಲ್ಲ.

ಸಂಜೆ ದೊಡವಾಡದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತವಳು, "ಕೆರಿ ಮಗ್ಗಲಿನ ಪಟ್ಟಿ ನೀನ ಮಾಡು" ಎಂದಳು. ಸಂತೋಷಕ್ಕೆ ನಾನು ಹೂಂ ಹೂಂ ಎಂದು ತಲೆಯಾಡಿಸತೊಡಗಿದೆ. ಬಸ್ಸು ಹೊರಟಾಗ ಅವಳು ಕತ್ತು ಹೊರಗೆ ಹಾಕಿ ಮಾತು ಪೂರ್ತಿ ಮಾಡಿದಳು.

"ಹೊಲ ನೀ ನೋಡ್ಕೊ. ಮಂದೀನ ನಾ ನೋಡ್ಕೋತೇನಿ."

ರಾಜ್ಯ ಸೋತ ದಿನವೇ ಹೊಲ ಗೆದ್ದವರು ಇತಿಹಾಸದಲ್ಲಿ ಕಡಿಮೆ. ಬಸ್ಸು ಕಣ್ಮರೆಯಾದ ಮೇಲೂ ನಾನು ಹೂಂ ಎಂದು ತಲೆಯಾಡಿಸುತ್ತಲೇ ನಿಂತಿದ್ದೆ.